ಅರವತ್ತು ಹೆಜ್ಜೆ ಹಿಂದಕ್ಕೆ

ಮಳೆ ನಿಂತು ಬಿಸಿಲು ಇನ್ನೂ ಬಲಿಯದ ದಿನಗಳು ಹಗ್ಗದ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಗಾಳಿಯಲ್ಲಿ ತುಸು ತೇವ ಇರುತ್ತದೆ. ಕತ್ತಾಳೆ ನಾರು ಸಿಡಿಯದೆ ಕೈ ಹೇಳಿದಂತೆ ಬಾಗುತ್ತದೆ. ಬೆಳಗ್ಗೆ ಏಳು ಗಂಟೆಗೆಲ್ಲ ಹಗ್ಗದಕ್ಕ ಓಣಿ ಗುಡಿಸಿ ಮುಗಿಸಿದ್ದಳು. ಮನೆಯ ಹಿಂದಿನಿಂದ ಮರಗಳ ಸಾಲಿನ ಕೆಳಗೆ ನೇರಕ್ಕೆ ಹೋಗುವ, ಅಪ್ಪನ ಕಾಲದ ಆ ಓಣಿ ಅರವತ್ತು ಹೆಜ್ಜೆ ಉದ್ದ. ಈ ತುದಿಯಲ್ಲಿ ರಾಟೆ, ಆ ತುದಿಯಲ್ಲಿ ನೆಲದಲ್ಲಿ ಹೂತ ಕಂಬ. ಮನೆಯ ಒಳಗೆ ಹೊರಗೆ ಎಲ್ಲವನ್ನೂ ಸೊಸೆಗೆ ಬಿಟ್ಟಿದ್ದವಳು ಈ ಓಣಿ ಗುಡಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕಡ್ಡಿ, ಕಲ್ಲು, ಕೋಳಿ ಕೆದರಿದ ಗುಳಿ, ಒಂದೊಂದನ್ನೂ ಕಣ್ಣಿಂದ ನೋಡಿ, ಕಾಲಿನಿಂದ ಒತ್ತಿ ನೋಡಿ, ಆಮೇಲೆಯೇ ಸೊಂಟಕ್ಕೆ ನಾರು ಸುತ್ತಿಕೊಳ್ಳುವುದು. ಕೆಲಸ ಶುರುವಾದ ಮೇಲೆ ನೋಡುವಂತಿಲ್ಲ.

ನೋಡುವಂತಿಲ್ಲ ಎನ್ನುವುದೇ ಆ ಕೆಲಸದ ಮೊದಲ ಪಾಠ. ಸೊಂಟದ ನಾರಿನಿಂದ ಒಂದು ಜುಟ್ಟು ಎಳೆದು ರಾಟೆಯ ಕೊಕ್ಕೆಗೆ ಸಿಕ್ಕಿಸಬೇಕು. ಸೊಸೆ ರಾಟೆ ತಿರುಗಿಸುತ್ತಾಳೆ, ಅಕ್ಕ ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯುತ್ತಾಳೆ. ಎಡಗೈ ನಾರು ಕೊಡುತ್ತದೆ, ಬಲಗೈಯ ಒದ್ದೆ ಬಟ್ಟೆ ಅದನ್ನು ಒತ್ತಿ ಹಿಡಿಯುತ್ತದೆ. ಕಣ್ಣು ಎಳೆಯ ಮೇಲೆ. ಹಿಂದೆ ಏನಿದೆಯೋ ಎಂದು ಒಂದು ಸಲ ಕತ್ತು ತಿರುಗಿಸಿದರೆ ಸಾಕು, ಕೈ ಮರೆಯುತ್ತದೆ. ಎಳೆ ಒಂದು ಕಡೆ ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ಹುಲ್ಲಿನಷ್ಟು ಸಪೂರ. ಅಂಥ ಎಳೆಯನ್ನು ಹಗ್ಗಕ್ಕೆ ಸೇರಿಸಿದರೆ ಆ ಸಪೂರದಲ್ಲೇ ಹರಿಯುತ್ತದೆ, ಅದೂ ಬಾವಿಯ ಅರ್ಧಕ್ಕೆ ಕೊಡ ಬಂದಾಗಲೇ ಹರಿಯುತ್ತದೆ. ಐವತ್ತೆರಡು ವರ್ಷದ ಹಗ್ಗದಕ್ಕನಿಗೆ ಅಂಗಾಲೇ ಬೆನ್ನ ಹಿಂದಿನ ಕಣ್ಣು. ಎಡಪಾದ ಹೊರಕ್ಕೆ ತಿರುಗಿಕೊಂಡಿತ್ತು. ಮುಂದಕ್ಕೆ ನಡೆದರೆ ಕುಂಟುತ್ತಿದ್ದಳು; ಹಿಂದಕ್ಕೆ ನಡೆಯುವಾಗ ಮಾತ್ರ ಕುಂಟು ಕಾಣಿಸುತ್ತಿರಲಿಲ್ಲ.

ಆ ದಿನ ಮೂರನೆಯ ಎಳೆ ಶುರುವಾಗಿತ್ತು. ಅಂಚೆಯವನು ಸೈಕಲ್ಲಿನಿಂದ ಇಳಿಯದೆಯೇ ಬೇಲಿಯ ಮೇಲಿಂದ ವಾರಪತ್ರಿಕೆಯೊಂದನ್ನು ಸೊಸೆಯ ಕೈಗೆ ಕೊಟ್ಟು, ಮೇಷ್ಟ್ರು ಬರೆದದ್ದು ಬಂದಿದೆ, ಊರೆಲ್ಲ ಓದುತ್ತಿದೆ, ಓದಿ ಎಂದು ಹೇಳಿ ಹೋದ. ಮೇಷ್ಟ್ರೆಂದರೆ ಹಗ್ಗದಕ್ಕನ ಒಬ್ಬನೇ ತಮ್ಮ. ಪಟ್ಟಣದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಆ ಪತ್ರಿಕೆಯಲ್ಲಿ ದಿನನಿತ್ಯದ ಬದುಕಿನ ಬಗ್ಗೆ ಓದುಗರೇ ಬರೆಯುವ ಒಂದು ಪುಟ ಇತ್ತು. ಇನ್ನೂರು ಪದ ಮೀರುವಂತಿಲ್ಲ, ತನ್ನದೇ ಅನುಭವ ಆಗಿರಬೇಕು ಎಂಬ ಎರಡು ಸಾಲು ಪುಟದ ತಲೆಯಲ್ಲಿ ಇರುತ್ತಿತ್ತು. ಬಲಗೈಯಲ್ಲಿ ರಾಟೆ ತಿರುಗಿಸುತ್ತಲೇ ಸೊಸೆ ಪತ್ರಿಕೆಯನ್ನು ಮಂಡಿಯ ಮೇಲೆ ಹರವಿಕೊಂಡಳು.

"ಅತ್ತೆ, ಮೇಷ್ಟ್ರುಮಾವನ ಫೋಟೋನೂ ಹಾಕಿದ್ದಾರೆ. ಹಳೇ ಫೋಟೋ, ತಲೆ ತುಂಬಾ ಕೂದಲಿದೆ."

"ಫೋಟೋ ಇರ್ಲಿ. ಓದು. ಕೈ ನಿಲ್ಲಿಸ್ಬೇಡ."

ಸೊಸೆ ಓದಿದಳು. ಅತ್ತೆ ಹಿಂದೆ ಹೋದಷ್ಟೂ ದನಿ ಏರಿಸಬೇಕಾಯಿತು. ಬರಹದ ಹೆಸರು 'ಹರಿಯದ ಎಳೆ'. ನಮ್ಮಪ್ಪ ಹಗ್ಗ ಹೊಸೆಯುತ್ತಿದ್ದ ಎಂದು ಶುರು. ಹಗ್ಗ ಹೊಸೆಯುವವನು ಹಿಂದೆ ನೋಡುವಂತಿಲ್ಲ. ಅಷ್ಟು ಕೇಳಿ ಹಗ್ಗದಕ್ಕನ ಮುಖ ಅರಳಿತು. ಮರೆತಿಲ್ಲವಲ್ಲ ಹುಡುಗ, ಅಂದುಕೊಂಡಳು. ನನಗೆ ಆಗ ಹನ್ನೊಂದು ವರ್ಷ ಎಂದು ಸೊಸೆ ಮುಂದಕ್ಕೆ ಓದಿದಳು. ಸೊಂಟಕ್ಕೆ ನಾರು ಸುತ್ತಿಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದೆ. ಓಣಿಯಲ್ಲಿ ಯಾವುದೋ ನಾಯಿ ತೋಡಿದ ಗುಂಡಿ ಇತ್ತು. ಕಾಲು ಸಿಕ್ಕಿಕೊಂಡು ಬಿದ್ದೆ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಎಳೆಯನ್ನು ಮಾತ್ರ ಬಿಡಲಿಲ್ಲ. ಅಪ್ಪ ಓಡಿ ಬಂದ. ಮೊದಲು ಎಳೆ ನೋಡಿದ, ಹರಿದಿಲ್ಲ ಎಂದ. ಆಮೇಲೆ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಯವರೆಗೂ ನಡೆದ. ಅಪ್ಪ ನನ್ನನ್ನು ಎತ್ತಿಕೊಂಡದ್ದು ಅದೊಂದೇ ಸಲ. ಅವನ ಕತ್ತಿನ ಬೆವರಿಗೆ ಹಸಿ ನಾರಿನ ವಾಸನೆ ಇತ್ತು.

ಸೊಸೆಯ ಕೈಯಲ್ಲಿದ್ದ ರಾಟೆ ಇದ್ದಕ್ಕಿದ್ದಂತೆ ಹಗುರವಾಗಿ ಗಿರ್ರನೆ ತಿರುಗಿತು. ತಲೆ ಎತ್ತಿ ನೋಡಿದರೆ ಎಳೆ ಹರಿದು ಧೂಳಿನಲ್ಲಿ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಅತ್ತೆಯ ಕೈಯಲ್ಲಿ ಎಳೆ ಹರಿದದ್ದನ್ನು ಅವಳು ಕಂಡಿರಲಿಲ್ಲ. ಹಗ್ಗದಕ್ಕ ನಲವತ್ತನೆಯ ಹೆಜ್ಜೆಯ ಹತ್ತಿರ ನಿಂತಿದ್ದಳು. ಅವಳ ಕಣ್ಣು ಎಳೆಯ ಮೇಲಿರಲಿಲ್ಲ.

"ನಾಯಿ ಅಂತ ಬರೆದಿದ್ದಾನಾ?"

"ಹೂಂ. ಯಾವುದೋ ನಾಯಿ."

"ಅಕ್ಕ ಅಂತ ಎಲ್ಲಾದ್ರೂ ಇದೆಯಾ ನೋಡು."

ಸೊಸೆ ಸಾಲಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಹುಡುಕಿದಳು. ಬರಹದ ಕೊನೆಯಲ್ಲಿ ಮೇಷ್ಟ್ರು, ತರಗತಿಯಲ್ಲಿ ನಿಂತಾಗಲೂ ತಮ್ಮ ಕೈಯಲ್ಲಿ ಆ ಎಳೆ ಇದೆ ಎನ್ನಿಸುತ್ತದೆ ಎಂದು ಬರೆದಿದ್ದರು. ಅಕ್ಕ ಎಲ್ಲಿಯೂ ಇರಲಿಲ್ಲ.

ಹಗ್ಗದಕ್ಕ ಸೊಂಟದ ನಾರನ್ನು ಬಿಚ್ಚಿ, ಗೂಟಕ್ಕೆ ಹಾಕಿ, ಒಳಗೆ ಹೋದಳು. ಹೊತ್ತು ಇಳಿಯುವ ಮೊದಲು ಅವಳು ಕೆಲಸ ನಿಲ್ಲಿಸಿದ್ದು, ಮಗನನ್ನು ಹೆತ್ತ ದಿನ ಬಿಟ್ಟರೆ, ಅದೇ ಮೊದಲು.

ಬಿದ್ದವಳು ಅವಳು. ಹನ್ನೊಂದು ವರ್ಷವೂ ಅವಳದೇ. ತಮ್ಮನಿಗೆ ಆಗ ಎಂಟು. ಅಪ್ಪ ಅವನನ್ನೂ ಓಣಿಗೆ ಇಳಿಸಿ ನೋಡಿದ್ದ. ಹತ್ತು ದಿನ ಸೊಂಟಕ್ಕೆ ನಾರು ಸುತ್ತಿ ನಡೆಸಿದ. ಹುಡುಗ ನಾಲ್ಕು ಹೆಜ್ಜೆಗೊಮ್ಮೆ ಕತ್ತು ತಿರುಗಿಸುತ್ತಿದ್ದ. ಬೈದರೂ ತಿರುಗಿಸಿದ, ಹೊಡೆದರೂ ತಿರುಗಿಸಿದ. ಹನ್ನೊಂದನೆಯ ದಿನ ಅಪ್ಪ ಇವನು ಈ ಕೆಲಸಕ್ಕೆ ಆಗುವವನಲ್ಲ ಎಂದು ಶಾಲೆಗೆ ಹಾಕಿದ, ಶಾಲೆಯಲ್ಲಿದ್ದ ಮಗಳನ್ನು ಬಿಡಿಸಿ ಓಣಿಗೆ ತಂದ. ಅವಳು ತಿರುಗಿ ನೋಡಲಿಲ್ಲ. ಅದಕ್ಕೆ ಅಪ್ಪ ಶಹಬ್ಬಾಸ್ ಎನ್ನಲಿಲ್ಲ. ಅವನ ಬಾಯಲ್ಲಿ ಅಂಥ ಮಾತು ಇರಲೇ ಇಲ್ಲ. ಬಿದ್ದ ದಿನ 'ಹರಿದಿಲ್ಲ' ಎಂದನಲ್ಲ, ಅವನ ಬಾಯಿಂದ ಅವಳಿಗೆ ಸಿಕ್ಕ ಮೆಚ್ಚುಗೆ ಅಷ್ಟೇ. ಆಮೇಲೆ ಆ ಹೆಗಲು, ಆ ಬೆವರು, ಆಸ್ಪತ್ರೆಯವರೆಗಿನ ದಾರಿ. ಮೂಳೆ ಸೊಟ್ಟಗೆ ಕೂಡಿತು. ಅದರ ಬಗ್ಗೆ ಅವಳು ಯಾವತ್ತೂ ಕೊರಗಿದವಳಲ್ಲ. ತಮ್ಮ ನಿದ್ದೆ ಬಾರದೆ ಹೊರಳಾಡಿದಾಗಲೆಲ್ಲ ತಲೆ ಸವರುತ್ತ ಇದನ್ನೇ ಹೇಳಿ ಮಲಗಿಸುತ್ತಿದ್ದಳು, ಬೆವರಿನ ವಾಸನೆಯವರೆಗೂ ಬಿಡದೆ. ಬೇರೆ ಕಥೆ ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಹಿಟ್ಟಿನ ಗಿರಣಿಯಲ್ಲಿ ಸಾಲು ಹಿಡಿದು ನಿಂತಾಗ ಪಕ್ಕದ ಮನೆಯವಳು ಅವಳ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡಳು. ಪಾಪ ಮೇಷ್ಟ್ರು ಚಿಕ್ಕಂದಿನಲ್ಲಿ ಎಷ್ಟು ಕಷ್ಟಪಟ್ಟಿದ್ದಾರೆ, ಕಾಲು ಮುರಿದುಕೊಂಡೂ ಓದಿ ಮೇಲೆ ಬಂದರಲ್ಲ, ನೀನು ಒಂದು ದಿನಕ್ಕೂ ಹೇಳಲಿಲ್ಲವಲ್ಲ ಎಂದಳು. ಗಿರಣಿಯವನು ಯಂತ್ರದ ಪಟ್ಟಿಯ ಸದ್ದಿನ ನಡುವೆಯೇ, ಅಂಥ ತಮ್ಮ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದ. ಹಗ್ಗದಕ್ಕ ಕಾಳಿನ ಡಬ್ಬಿಯನ್ನು ಸೊಂಟಕ್ಕಿಟ್ಟು ಸಾಲಿನಿಂದ ಆಚೆ ಬಂದು, ಅವರೆಲ್ಲರ ಕಣ್ಣ ಮುಂದೆಯೇ, ಎಡಗಾಲು ಎಳೆಯುತ್ತ ರಸ್ತೆ ದಾಟಿದಳು. ನಲವತ್ತು ವರ್ಷದಿಂದ ಕುಂಟುವವಳು ಎದುರಿಗೇ ಕುಂಟುತ್ತಿದ್ದರೂ ಯಾರೊಬ್ಬರಿಗೂ ಏನೂ ಹೊಳೆಯಲಿಲ್ಲ. ಅಚ್ಚಾದ ಕಾಲಿನ ಮುಂದೆ ಮುರಿದ ಕಾಲಿಗೆ ಬೆಲೆ ಇರಲಿಲ್ಲ.

ಅಂದಿನಿಂದ ಅವಳ ಸಿಟ್ಟು ಕೈಗೆ ಇಳಿಯಿತು. ಪಾತ್ರೆ ಇಡುವಾಗ ಕುಕ್ಕಿದಳು. ನಾರು ಬಾಚುವಾಗ ಬಾಚಣಿಗೆಯ ಒಂದು ಹಲ್ಲು ಮುರಿದಳು. ತಮ್ಮನಿಗೆ ತನ್ನ ಶಾಲೆ ಕೊಟ್ಟಿದ್ದಳು, ಹೊಲದಲ್ಲಿ ತನ್ನ ಪಾಲು ಅವನ ಓದಿಗೆ ಹೋದಾಗ ತುಟಿ ಎರಡು ಮಾಡಿರಲಿಲ್ಲ. ಕೇಳಿದ್ದರೆ ಬಿದ್ದ ಆ ದಿನವನ್ನೂ ಕೊಡುತ್ತಿದ್ದಳೋ ಏನೋ. ಕೇಳಲಿಲ್ಲ. ಗೂಟದಲ್ಲಿ ತೂಗುಹಾಕಿದ್ದ ಅಂಗಿ ತೆಗೆದುಕೊಂಡು ಹೋದಂತೆ ತೆಗೆದುಕೊಂಡು ಹೋಗಿದ್ದ. ಅಪ್ಪನ ಕಡೆಯಿಂದ ಅವಳಿಗೆ ಉಳಿದಿದ್ದ ಆಸ್ತಿ ಅದೊಂದೇ.

ಗುರುವಾರ ತಮ್ಮನ ಫೋನ್ ಬಂತು. ಬರಹ ಬಹಳ ಜನರಿಗೆ ಹಿಡಿಸಿದೆಯಂತೆ, ವಿಶೇಷ ಸಂಚಿಕೆಗೆ ದೊಡ್ಡ ಫೋಟೋ ಬೇಕಂತೆ, ಭಾನುವಾರ ಪತ್ರಿಕೆಯ ಫೋಟೋದವನನ್ನು ಕರೆದುಕೊಂಡು ಬರುತ್ತೇನೆ, ರಾಟೆ ಒರೆಸಿಡು ಎಂದ. ಓದಿಸಿಕೊಂಡೆಯಾ ಅಂತಲೂ ಕೇಳಿದ. ಬಾ ಎಂದು ಅವಳು ಫೋನ್ ಇಟ್ಟಳು.

ಭಾನುವಾರ ಅವಳು ಎಂದಿಗಿಂತ ಮೊದಲೇ ಎದ್ದು ಓಣಿಯನ್ನು ಎರಡು ಸಲ ಗುಡಿಸಿದಳು. ತಮ್ಮ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಬಂದ. ಸೊಸೆಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟ, ಅಕ್ಕನ ಕಾಲು ಮುಟ್ಟಿದ. ಮುಟ್ಟಿದ್ದು ಆ ಸೊಟ್ಟಪಾದವನ್ನೇ. ಅವಳು ಚಹಾ ಕೊಟ್ಟಳು. ಫೋಟೋದವನು ಇನ್ನೂ ಇಪ್ಪತ್ತೈದು ದಾಟದವನು, ಮರಗಳ ನಡುವಿನ ಬೆಳಕು ಚೆನ್ನಾಗಿದೆ, ತಡಮಾಡುವುದು ಬೇಡ, ಸರ್ ಹಿಂದಕ್ಕೆ ನಡೆಯುತ್ತಿರುವ ಹಾಗೆ ಒಂದು ತೆಗೆಯೋಣ ಎಂದ.

ಹಗ್ಗದಕ್ಕ ನಾರಿನ ಕಟ್ಟು ತಂದು ತಮ್ಮನ ಬಿಳಿ ಷರ್ಟಿನ ಮೇಲೆ ಸುತ್ತಿದಳು. ಉಸಿರು ಕಟ್ಟುವಷ್ಟು ಬಿಗಿಯಾಗಿ ಸುತ್ತಿದಳು. ಜುಟ್ಟು ಎಳೆದು ಕೊಕ್ಕೆಗೆ ಹಾಕಿ, ಸೊಸೆಯನ್ನು ಏಳಿಸಿ, ತಾನೇ ರಾಟೆಗೆ ಕೂತಳು.

"ಸುಮ್ನೆ ಹಿಡ್ಕೊಂಡು ನಿಂತ್ರೆ ಸಾಕು ಅಕ್ಕ, ಫೋಟೋಗೆ ತಾನೆ."

"ನಿಂತ್ರೆ ಎಳೆ ಆಗಲ್ಲ. ನಡಿ."

ರಾಟೆ ತಿರುಗಿತು. ತಮ್ಮ ನಾರು ಬಿಡುತ್ತ ಹಿಂದೆ ಸರಿದ. ಒಂದು, ಎರಡು, ಮೂರು. ಐದನೆಯ ಹೆಜ್ಜೆಗೆ ಕತ್ತು ತಿರುಗಿತು. ಎಳೆ ಗಂಟಾಯಿತು. ಅವನು ನಕ್ಕು, ಅಭ್ಯಾಸ ತಪ್ಪಿದೆ ಎಂದ. ಅಕ್ಕ ರಾಟೆ ನಿಲ್ಲಿಸಲಿಲ್ಲ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಕತ್ತು. ಕತ್ತಾಳೆ ತಾಗಿ ಅವನ ಅಂಗೈ ಕೆಂಪಾಗಿ ತುರಿಸತೊಡಗಿತು. ಅದನ್ನು ಪ್ಯಾಂಟಿಗೆ ಉಜ್ಜಿಕೊಳ್ಳಲು ಹೋದಾಗ ಇನ್ನಷ್ಟು ನಾರು ಮುದ್ದೆಯಾಗಿ ಹೋಯಿತು.

"ಅಲ್ಲಿ ಗುಂಡಿ ಇಲ್ಲ. ಎರಡು ಸಲ ಗುಡಿಸಿದ್ದೀನಿ. ನಡಿ."

ಅವನು ಮತ್ತೆ ತಿರುಗಿ ನೋಡಿದ. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. "ಸರ್, ಪ್ರತಿಸಲ ಹಿಂದೆ ನೋಡ್ತಿದ್ದೀರ. ಹಿಂದೆ ನೋಡುವಂತಿಲ್ಲ ಅಂತ ನೀವೇ ಬರೆದಿದ್ರಲ್ಲ." ಅವನ ಮಾತಿನಲ್ಲಿ ಕೊಂಕು ಇರಲಿಲ್ಲ, ಫೋಟೋ ಕೆಡುತ್ತಿದೆಯಲ್ಲ ಎಂಬ ಚಿಂತೆ ಅಷ್ಟೇ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮನೆಯ ಗೋಡೆಯ ಕಡೆ ತಿರುಗಿದಳು.

ಇಪ್ಪತ್ತು ಹೆಜ್ಜೆಗೆ ತಮ್ಮ ನಿಂತುಬಿಟ್ಟ. ಹಗ್ಗದಕ್ಕ ರಾಟೆಯಿಂದ ಎದ್ದು, ಎಳೆಯ ಪಕ್ಕದಲ್ಲೇ, ಅದರ ಗಂಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಅವನ ತನಕ ನಡೆದು ಹೋದಳು. ಮುಂದಕ್ಕೆ ನಡೆದದ್ದರಿಂದ ಕುಂಟು ಎದ್ದು ಕಾಣುತ್ತಿತ್ತು. ಫೋಟೋದವನು ಅವಳ ಪಾದವನ್ನೇ ನೋಡಿದ, ಆಮೇಲೆ ಮೇಷ್ಟ್ರ ಪಾದವನ್ನು ನೋಡಿದ. ಬೇರೆ ಕಡೆ ಸರಿದು ಮರದ ಬುಡದಲ್ಲಿ ಕೂತು ಕ್ಯಾಮೆರಾದ ಗಾಜು ಒರೆಸತೊಡಗಿದ.

ತಮ್ಮ ದನಿ ತಗ್ಗಿಸಿ ಸಮಜಾಯಿಷಿ ಹೇಳಿದ. ಅದು ಬರವಣಿಗೆ ಅಕ್ಕ, ಅದರಲ್ಲಿ ನಾನು ಅಂದರೆ ನಾನೇ ಅಂತ ಅಲ್ಲ. ಅಕ್ಕನಿಗೆ ಆಯಿತು ಅಂತ ಬರೆದರೆ ದೂರದ್ದಾಗುತ್ತದೆ, ನಾನು ಅಂತ ಬರೆದರೆ ಓದುವವರಿಗೆ ಹತ್ತಿರ ಆಗುತ್ತದೆ. ಅದೂ ಅಲ್ಲದೆ ಇನ್ನೂರೇ ಪದ, ಎಲ್ಲರನ್ನೂ ತರುವುದಕ್ಕೆ ಜಾಗ ಎಲ್ಲಿ.

"ನನ್ನ ಕಾಲು ಮುರಿದದ್ದು ಓದೋರಿಗೆ ಹತ್ತಿರ ಆಗ್ಲಿ ಅಂತಲ್ಲ."

"ನಿನ್ನ ಕಷ್ಟಾನ ನಾನು ನಂದು ಅಂದ್ಕೊಂಡೆ ಅಕ್ಕ. ತಪ್ಪಾ?"

"ಕಷ್ಟ ತಗೊಂಡು ಹೋಗಿದ್ರೆ ಸಂತೋಷಪಡ್ತಿದ್ದೆ. ಕಾಲು ಇಲ್ಲೇ ಬಿಟ್ಟು ಅಪ್ಪನ ಹೆಗಲು ತಗೊಂಡು ಹೋಗಿದ್ದೀಯ." ಅವಳ ದನಿ ಏರಲಿಲ್ಲ. "ನಾಯಿ ಅಂತ ಬರೆದಿದ್ದೀಯ. ಆ ಗುಂಡಿ ನಾಯಿ ತೋಡಿದ್ದಾ?"

ಸೊಂಟದ ನಾರನ್ನು ಬಿಚ್ಚುತ್ತಿದ್ದ ತಮ್ಮ ಅಲ್ಲಿಗೇ ಕೈ ನಿಲ್ಲಿಸಿದ.

ಗುಂಡಿ ತೋಡಿದ್ದವನು ಅವನೇ. ಶಾಲೆಗೆ ಸೇರಿದ ಮೊದಲ ತಿಂಗಳು ಸ್ಲೇಟು ಒಡೆದುಕೊಂಡಿದ್ದ. ಅಪ್ಪನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾನೆಂದು ಹೆದರಿ, ಮುರಿದ ಕುಡುಗೋಲಿನಿಂದ ಓಣಿಯಲ್ಲೇ ಗುಂಡಿ ಅಗೆದು ಚೂರುಗಳನ್ನು ಅದರಲ್ಲಿ ಹಾಕಿ, ಮಣ್ಣು ಮುಚ್ಚದೆ ಮೇಲೆ ತರಗು ಹರಡಿದ್ದ. ಅಪ್ಪನ ಹೆಗಲ ಮೇಲೆ, ನೋವಿಗೆ ಕಣ್ಣು ಕತ್ತಲೆ ಬರುತ್ತಿದ್ದಾಗ, ಯಾರು ತೋಡಿದ್ದು ಎಂದು ಅಪ್ಪ ಕೇಳಿದ. ಬೀಳುವಾಗ ಅವಳ ಹಿಮ್ಮಡಿಗೆ ಸ್ಲೇಟಿನ ಚೂರು ತಗುಲಿತ್ತು. ಯಾರೆಂದು ಹೊಳೆದಿದ್ದರೂ ನಾಯಿ ಎಂದಳು. ಆ ನಾಯಿಯನ್ನು ಹುಟ್ಟಿಸಿದವಳು ಅವಳು. ತಮ್ಮನಿಗೆ ಕಥೆ ಹೇಳಿ ಮಲಗಿಸುವಾಗಲೂ, ಅವನು ಅಳಬಾರದೆಂದು, ಆ ನಾಯಿಯನ್ನು ಬಿಡದೆ ಹೇಳುತ್ತಿದ್ದಳು. ಅವನು ತಿಳಿದೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಇಬ್ಬರೂ ಅದನ್ನು ಇವತ್ತಿನವರೆಗೆ ಬಾಯಿಬಿಟ್ಟು ಆಡಿರಲಿಲ್ಲ.

"ನಾನು ಚಿಕ್ಕವನು ಆಗ," ಎಂದ ತಮ್ಮ.

"ನಾನೇನು ಮುದುಕಿಯಾಗಿದ್ನಾ? ಚಿಕ್ಕೋನು ತೋಡಿದ್ದಕ್ಕೆ ನಂಗೆ ಸಿಟ್ಟಿಲ್ಲ. ಈಗ ಐವತ್ತು ಹತ್ತಿರ ಬಂತಲ್ಲ ನಿಂಗೆ, ಈಗ ನಾಯಿ ಅಂತ ಬರೆದೆಯಲ್ಲ." ಅವಳು ಅವನ ಸೊಂಟದ ಸುತ್ತು ಬಿಚ್ಚಿ ಉಳಿದ ನಾರನ್ನು ತನ್ನ ತೋಳಿಗೆ ಹಾಕಿಕೊಂಡಳು. "ಕಾಲು ನಂದು. ಹೆಗಲು ಅಪ್ಪಂದು. ನಿಂದು ಅಂತ ಇರೋದು ಆ ಗುಂಡಿ ಒಂದೇ. ಅದನ್ನ ಬರಿ. ಇನ್ನೂರು ಪದ ಧಾರಾಳ ಆಗುತ್ತೆ."

ಅವನು ಕೆಂಪಾದ ಅಂಗೈಯನ್ನು ಷರ್ಟಿಗೆ ಒರೆಸಿಕೊಂಡ. ಫೋಟೋದವನು ಹತ್ತಿರ ಬಂದು, ಅಮ್ಮಾ, ನೀವೇ ಒಂದು ಸಲ ನಡೆದರೆ ತೆಗೆಯುತ್ತೇನೆ ಎಂದು ಮೆಲ್ಲಗೆ ಕೇಳಿದ. ಅವಳು ಒಪ್ಪಲಿಲ್ಲ. ಬರೆದು ಕೆಡಿಸಿದ್ದನ್ನು ಬರೆದವನೇ ನೇರ ಮಾಡಲಿ, ಫೋಟೋದಿಂದ ಆಗುವ ಕೆಲಸವಲ್ಲ ಎಂದಳು. ಸೊಸೆ ಒಳಗಿಂದ ನೋಟ್‌ಪುಸ್ತಕ ಮತ್ತು ಪೆನ್ನು ತಂದು, ಯಾರೂ ಹೇಳದಿದ್ದರೂ, ಕಲ್ಲುಬೆಂಚಿನ ಮೇಲೆ ಇಟ್ಟಳು. ತಮ್ಮ ಕೂತು ಬರೆದ. ಎರಡು ಸಾಲು ಬರೆದು ಹೊಡೆದುಹಾಕಿದ, ಮತ್ತೊಂದು ಹಾಳೆ ತಿರುಗಿಸಿದ. ಮಧ್ಯಾಹ್ನದ ಊಟಕ್ಕೆ ಕರೆದಾಗ ಹಾಳೆ ಹರಿದು ಮಡಚಿ ಜೇಬಿಗೆ ಹಾಕಿಕೊಂಡು, ಮನೆಯಲ್ಲಿ ನಿಧಾನವಾಗಿ ಕೂತು ಬರೆಯಬೇಕು ಅಕ್ಕ, ಮುಂದಿನ ವಾರ ಖಂಡಿತ ಬರುತ್ತದೆ ನೋಡು ಎಂದ. ಊಟ ಮಾಡಿ, ಎರಡರ ಬಸ್ಸಿಗೆ ಹೋದ. ಹೋಗುವಾಗಲೂ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದ. ಹಗ್ಗದಕ್ಕ ಕೈ ಎತ್ತಲಿಲ್ಲ.

ಮುಂದಿನ ವಾರ ಆ ಪುಟದಲ್ಲಿ ಯಾರೋ ತಮ್ಮ ಹಳೆಯ ಛತ್ರಿಯ ಬಗ್ಗೆ ಬರೆದಿದ್ದರು. ಅದರ ಮುಂದಿನ ವಾರ ಒಬ್ಬಳು ಮೊದಲ ಸಂಬಳದ ದಿನ. ಆಮೇಲೆ ಬೆಕ್ಕು, ಆಮೇಲೆ ಬಸ್ಸಿನ ಕಿಟಕಿ. ಸೊಸೆ ರಾಟೆ ತಿರುಗಿಸುತ್ತ ಮೊದಲು ಬರೆದವರ ಹೆಸರು ಓದುತ್ತಿದ್ದಳು, ಅತ್ತೆ ಹೂಂ ಎಂದ ಮೇಲೆ ಉಳಿದದ್ದನ್ನು ಓದುತ್ತಿದ್ದಳು. ವಿಶೇಷ ಸಂಚಿಕೆಯೂ ಬಂತು. 'ಹರಿಯದ ಎಳೆ' ಅದರಲ್ಲಿ ಇರಲಿಲ್ಲ. ಅದರ ಬದಲು ಬರಬೇಕಾದದ್ದೂ ಇರಲಿಲ್ಲ. ತಮ್ಮನ ಫೋನೂ ಇರಲಿಲ್ಲ.

ಬಿಸಿಲು ಬಲಿತು ಹಗ್ಗದ ಕೆಲಸ ಮುಗಿಯುತ್ತ ಬಂದಿತು. ಕೊನೆಯ ವಾರದಲ್ಲಿ ಪಕ್ಕದ ಮನೆಯವಳು ಕರುವನ್ನು ಕಟ್ಟಲು ಒಂದು ತುಂಡು ಬೇಕೆಂದು ಬಂದಳು. ರಾಟೆಯ ಮೇಲಿನ ಗೂಟದಲ್ಲಿ ಇಪ್ಪತ್ತು ಹೆಜ್ಜೆ ಉದ್ದದ ಒಂಟಿ ಎಳೆಯೊಂದು ಸುರುಳಿಯಾಗಿ ತೂಗುತ್ತಿತ್ತು, ಮೈಯೆಲ್ಲ ಗಂಟು. ಇದೇನು ನಿನ್ನ ಕೈಯಲ್ಲಿ ಇಂಥದ್ದು, ಬಿಸಾಡುವುದಾದರೆ ನನಗೇ ಕೊಡು ಎಂದು ಅವಳು ಕೈ ಚಾಚಿದಳು.

"ಅದು ಬೇಡ," ಎಂದಳು ಹಗ್ಗದಕ್ಕ. "ಅದು ನಂದಲ್ಲ. ಹೊಸೆದೋರೇ ಬಂದು ತಗೊಂಡು ಹೋಗ್ಬೇಕು."

ಒಳ್ಳೆಯ ಹಗ್ಗದಲ್ಲೇ ಒಂದು ತುಂಡು ಕತ್ತರಿಸಿ ಕೊಟ್ಟಳು. ಆಮೇಲೆ ಸೊಂಟಕ್ಕೆ ನಾರು ಸುತ್ತಿಕೊಂಡು, ಜುಟ್ಟು ಎಳೆದು ಕೊಕ್ಕೆಗೆ ಹಾಕಿದಳು. ಸೊಸೆ ಮಂಡಿಯ ಮೇಲೆ ಆ ವಾರದ ಪತ್ರಿಕೆ ಬಿಡಿಸಿದಳು. ರಾಟೆ ತಿರುಗಿತು. ಹಗ್ಗದಕ್ಕ ಎಳೆಯ ಮೇಲೆ ಕಣ್ಣಿಟ್ಟು, ಅಂಗಾಲಿನಿಂದ ನೆಲವನ್ನು ಕೇಳುತ್ತ, ಕಂಬದ ಕಡೆಗೆ ಹಿಂದೆ ಹಿಂದೆ ನಡೆದಳು. ಗೂಟದಲ್ಲಿದ್ದ ಆ ಎಳೆ ರಾಟೆ ಅದುರಿದಂತೆಲ್ಲ ಸಣ್ಣಗೆ ತೂಗುತ್ತಿತ್ತು.